ಎಡಗಾಲಿನ ಮೇಸ್ತ್ರಿ

ಸುದ್ದಿ ಬಂದಾಗ ನಾನು ಮಾಡಬಾರದ ಕೆಲಸವನ್ನೇ ಮಾಡುತ್ತಿದ್ದೆ. ಗುಬ್ಬಿಯ ಹತ್ತಿರ ನನ್ನ ಶಾಲೆಗೆ ತಿರುಗುವ ದಾರಿಯಲ್ಲಿ ಒಂದು ರೈಲ್ವೆ ಗೇಟಿದೆ. ಗೇಟು ಹಾಕಿತ್ತು. ಮುಂದೆ ತೆಂಗಿನಕಾಯಿ ತುಂಬಿದ ಟ್ರ್ಯಾಕ್ಟರು, ಹಿಂದೆ ಸುಮ್ಮನೆ ಹಾರ್ನ್ ಹೊಡೆಯುವ ಆಟೋ. ರೈಲು ಇನ್ನೂ ಕಣ್ಣಿಗೇ ಬಿದ್ದಿರಲಿಲ್ಲ. ಆದರೂ ನಾನು ಇಂಜಿನ್ ಆರಿಸದೆ, ಕಾರನ್ನು ಮೊದಲ ಗೇರಿನಲ್ಲೇ ಇಟ್ಟುಕೊಂಡು, ಎಡಗಾಲಲ್ಲಿ ಕ್ಲಚ್ ಒತ್ತಿ ಹಿಡಿದು ಕೂತಿದ್ದೆ. ಗೇಟು ಎತ್ತಿದ ಕೂಡಲೇ ಹೊರಟುಬಿಡಬೇಕು ಎಂಬ ಆತುರ. ಮುಂದೆ ಟ್ರ್ಯಾಕ್ಟರ್ ನಿಂತಿರುವಾಗ ಹಾರಿ ಹೋಗುತ್ತೀಯಾ ಎಂದು ಕೇಳಬೇಡಿ. ಆತುರಕ್ಕೆ ಅಷ್ಟೆಲ್ಲ ಬುದ್ಧಿ ಇರುವುದಿಲ್ಲ.

"ಟೀಚರಮ್ಮ, ಅವ್ರು ಹೋಗ್ಬುಟ್ರು ಕಣಮ್ಮ," ಎಂದರು ಫೋನಿನಲ್ಲಿ ಮೇಸ್ತ್ರಿಯ ಹೆಂಡತಿ. "ಬೆಳಿಗ್ಗೆ ಕಾಫಿ ಕುಡುದ್ರು. ಲೋಟ ಕೆಳಗಿಟ್ಟು ಹಂಗೇ ಗೋಡೆಗೆ ಒರಗಿಕೊಂಡ್ರು. ಹಾರ್ಟು ಅಂತಾರೆ ಡಾಕ್ಟ್ರು. ಊರಿಗೆ ತಗೊಂಡು ಹೋಯ್ತಾ ಇದೀವಿ."

ಊರೆಂದರೆ ಕುಣಿಗಲ್ ಹತ್ತಿರದ ಅವರ ಹಳ್ಳಿ. ನಾನು ಏನು ಉತ್ತರ ಕೊಟ್ಟೆನೋ ನೆನಪಿಲ್ಲ. ಮೊದಲು ಗಾಡಿಯನ್ನು ನ್ಯೂಟ್ರಲ್‌ಗೆ ಹಾಕಿ ಕ್ಲಚ್ಚಿನಿಂದ ಕಾಲು ತೆಗೆದೆ ಎಂಬುದು ಮಾತ್ರ ನೆನಪಿದೆ. ಅಳು ಆಮೇಲೆ ಬಂತು. ಗೇಟು ಎತ್ತಿ, ಟ್ರ್ಯಾಕ್ಟರ್ ಹೋಗಿ, ಹಿಂದಿನ ಆಟೋದವನು ಇಳಿದು ಬಂದು ಕಿಟಕಿ ತಟ್ಟುವವರೆಗೂ ಅಲ್ಲೇ ಇದ್ದೆ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅವರ ಗ್ಯಾರೇಜಿನ ಬೋರ್ಡಿನ ಮೇಲೂ ಇರಲಿಲ್ಲ. ತುಮಕೂರಿನ ಅಂಚಿನ ಸತ್ಯಮಂಗಲದ ಕಾರ್ಖಾನೆಗಳ ನಡುವೆ ಒಂದು ತಗಡಿನ ಶೆಡ್ಡು, ಅದರ ಹಣೆಯ ಮೇಲೆ ನೀಲಿ ಬಣ್ಣದಲ್ಲಿ 'ಕ್ಲಚ್ ಕೆಲಸ' ಎಂಬ ಎರಡೇ ಪದ. ಪಂಕ್ಚರ್ ಹಾಕುತ್ತಿರಲಿಲ್ಲ, ಆಯಿಲ್ ಬದಲಾಯಿಸುತ್ತಿರಲಿಲ್ಲ, ಬ್ರೇಕನ್ನು ಮುಟ್ಟಿಯೂ ನೋಡುತ್ತಿರಲಿಲ್ಲ. ಕೇಳಿದರೆ, "ಶಿರಾ ಗೇಟ್‌ಗೋಗಿ, ಅಲ್ಲಿ ಎಲ್ಲಾ ಮಾಡೋರು ಅವ್ರೆ. ನಾನು ಒಂದೇ ಮಾಡೋನು," ಎನ್ನುತ್ತಿದ್ದರು. ವಿನಯದಿಂದಲ್ಲ, ಜಂಬದಿಂದ. ಆಳು ಕುಳ್ಳಗೆ, ಐವತ್ತೈದರ ಆಸುಪಾಸು. ಖಾಕಿ ನಿಕ್ಕರು, ಗ್ರೀಸಿನ ಬನಿಯನ್ನು, ಅಷ್ಟು ಮಸಿಯ ನಡುವೆಯೂ ಸಂಜೆಯವರೆಗೆ ಅಳಿಸದ ಕುಂಕುಮ.

ನಾನು ಅವರ ಶೆಡ್ಡಿಗೆ ಹೋದದ್ದು ಜಗಳಕ್ಕೆ ಸಿದ್ಧವಾಗಿಯೇ. ಉಪ್ಪಾರಹಳ್ಳಿಯ ಮನೆಯಿಂದ ಗುಬ್ಬಿ ಕಡೆಯ ಶಾಲೆಗೆ ದಿನಾ ಕಾರಿನಲ್ಲಿ ಓಡಾಡುವ ಗಣಿತದ ಟೀಚರು ನಾನು. ಸೆಕೆಂಡ್ ಹ್ಯಾಂಡ್ ಕಾರು. ಹಿಂದಿನ ವರ್ಷವಷ್ಟೇ ಬೇರೊಂದು ಕಡೆ ಹೊಸ ಕ್ಲಚ್ ಹಾಕಿಸಿದ್ದೆ. ಅಷ್ಟರಲ್ಲೇ ಮತ್ತೆ ಶುರು. ಆಕ್ಸಿಲರೇಟರ್ ಒತ್ತಿದರೆ ಇಂಜಿನ್ ಊರಿಗೆಲ್ಲ ಕೇಳುವಂತೆ ಕೂಗುತ್ತದೆ, ಗಾಡಿ ಮಾತ್ರ ಮುಂದಕ್ಕೆ ಹೋಗುವುದಿಲ್ಲ. ಒಂದು ದಿನ ಲಾರಿಯನ್ನು ಹಿಂದೆ ಹಾಕಲು ಹೋಗಿ, ಹಾಕಲೂ ಆಗದೆ ಹಿಂದೆ ಸರಿಯಲೂ ಆಗದೆ, ಲಾರಿಯ ಡ್ರೈವರ್ ನನ್ನನ್ನು ನೋಡಿ ನಗುವಷ್ಟು ದೂರ ಅದರ ಪಕ್ಕದಲ್ಲೇ ಓಡಿದ್ದೆ. ಗೋಣಿಚೀಲ ಸುಟ್ಟ ಹಾಗೆ ವಾಸನೆ ಬೇರೆ.

"ಕಳಪೆ ಪ್ಲೇಟು ಹಾಕಿದ್ದಾರೆ. ಈ ಸಲ ಒಳ್ಳೆಯದು ಹಾಕಿ," ಎಂದೆ.

ಮೇಸ್ತ್ರಿ ಬಾನೆಟ್ ತೆಗೆಯಲಿಲ್ಲ. ನನ್ನ ಕಾಲು ನೋಡಿದರು. "ಚಪ್ಲಿ ಬುಟ್ಟು ಕೂತ್ಕೊಳಿ ಮೇಡಮ್ಮೋರೆ. ಗಾಡಿ ನೀವೇ ಓಡ್ಸಿ, ನಾನು ಪಕ್ಕದಲ್ಲಿರ್ತೀನಿ."

"ರಿಪೇರಿ ಮಾಡುವವರು ನೀವೋ ನಾನೋ?"

"ಓಡ್ಸೋರು ನೀವಲ್ವಾ?"

ಮೊದಲು ಶೆಡ್ಡಿನ ಮುಂದೆಯೇ ಒಂದು ಪರೀಕ್ಷೆ. ಹ್ಯಾಂಡ್ ಬ್ರೇಕ್ ಎಳೆಸಿ, ಮೂರನೇ ಗೇರ್ ಹಾಕಿಸಿ, ಕ್ಲಚ್ ನಿಧಾನವಾಗಿ ಬಿಡಿ ಎಂದರು. ಕ್ಲಚ್ ಸರಿಯಿದ್ದರೆ ಇಂಜಿನ್ ಒದ್ದಾಡಿ ಆಫ್ ಆಗಬೇಕು. ನಾನು ಪೂರ್ತಿ ಕಾಲು ತೆಗೆದರೂ ನನ್ನ ಕಾರು ಏನೂ ಆಗದಂತೆ ಗುರುಗುಟ್ಟುತ್ತಲೇ ಇತ್ತು. "ಕ್ಲಚ್ ಹೋಗೈತೆ, ಇದ್ರಲ್ಲಿ ಅನುಮಾನ ಇಲ್ಲ. ಯಾಕೆ ಹೋಯ್ತು ಅನ್ನೋದು ನೋಡಣ ನಡೀರಿ," ಎಂದು ದೇವರಾಯನದುರ್ಗದ ಏರಿನ ಕಡೆ ತಿರುಗಿಸಲು ಹೇಳಿದರು. ದಾರಿಯುದ್ದಕ್ಕೂ ಪ್ರಶ್ನೆಗಳು. ಪೆಡಲ್ಲು ಎಷ್ಟು ಮೇಲೆ ಬಂದಾಗ ಹಿಡಿಯುತ್ತದೆ? ಒತ್ತುವಾಗ ನಡುಕ ಇದೆಯಾ? ನುಣ್ಣಗಿದೆಯಾ, ಒರಟಾಗಿದೆಯಾ? ನನಗೆ ರೇಗಿತು. ಇಪ್ಪತ್ತು ವರ್ಷ ಮಕ್ಕಳಿಗೆ ಪ್ರಶ್ನೆ ಕೇಳಿದವಳು ನಾನು. ನನ್ನನ್ನು ಕೇಳಿದರೆ ಸಹಿಸುವುದು ಕಷ್ಟ. ಏರು ಶುರುವಾದ ಮೇಲೆ ಅವರು ಬಾಗಿ ಪೆಡಲ್ಲುಗಳ ಕಡೆಯೇ ನೋಡುತ್ತಾ ಕೂತರು.

"ಈಗ ಗೇರ್ ಹಾಕ್ತಾ ಇದೀರಾ?"

"ಇಲ್ಲ."

"ಮತ್ತೆ ಎಡಗಾಲು ಪೆಡಲ್ ಮ್ಯಾಲೆ ಏನ್ ಮಾಡ್ತೈತೆ?"

ಬಗ್ಗಿ ನೋಡಿದೆ. ನಿಜ. ನನ್ನ ಎಡಗಾಲು ಕ್ಲಚ್ಚಿನ ಮೇಲೆ ಆರಾಮಾಗಿ ಕೂತಿತ್ತು. ಕೂತಿತ್ತು ಎಂದರೆ ತಪ್ಪಾಗುತ್ತದೆ, ಕುಣಿಯುತ್ತಿತ್ತು.

"ನಮ್ಮಪ್ಪ ಕುಣಿಗಲ್ ಕುದ್ರೆ ಫಾರಮ್ಮಲ್ಲಿ ಕುದ್ರೆ ನೋಡ್ಕೊಳೋನು," ಎಂದರು ಮೇಸ್ತ್ರಿ. "ಹೊಟ್ಟೆಗೆ ಹಿಮ್ಮಡಿ ಒತ್ತುದ್ರೆ ನಡಿ ಅಂತ ಅರ್ಥ ಅದ್ಕೆ. ಲಗಾಮು ಎಳುದ್ರೆ ನಿಲ್ಲು ಅಂತ. ಎರಡೂ ಒಟ್ಟಿಗೆ ಮಾಡ್ಬುಟ್ರೆ ಪಾಪ ಅದು ಏನ್ ಮಾಡ್ಬೇಕು? ನಿಂತಲ್ಲೇ ಬೆವರ್ತದೆ. ನಿಮ್ಮ ಪ್ಲೇಟೂ ಹಂಗೇ ಬೆವತು ಬೆವತು ಸವುದೋಗದೆ. ಪ್ಲೇಟು ನಾನು ಬದಲಾಯಿಸ್ತೀನಿ. ಕಾಲು ಯಾರು ಬದಲಾಯಿಸ್ತಾರೆ?"

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನನ್ನದು ಕುಣಿಯುವುದನ್ನು ನಿಲ್ಲಿಸಲಾರದ ಕಾಲು. ಚಿಕ್ಕವಳಿದ್ದಾಗ ಕೂತಲ್ಲಿ ಕಾಲು ಅಲ್ಲಾಡಿಸಿದರೆ ನಮ್ಮಜ್ಜಿ ತೊಡೆಯ ಮೇಲೆ ಬಿಗಿಯುತ್ತಿದ್ದಳು. "ಕಾಲು ಕುಣಿಸ್ಬ್ಯಾಡ ಕಣೇ, ಮನೆಗೆ ದರಿದ್ರ." ಪರೀಕ್ಷೆಯ ಹಾಲಿನಲ್ಲಿ, ಮದುವೆಯ ಮಂಟಪದಲ್ಲಿ, ಮಗಳನ್ನು ಹೆರುವ ಮುಂಚೆ ಆಸ್ಪತ್ರೆಯ ಮಂಚದ ಮೇಲೆ, ಎಲ್ಲ ಕಡೆ ಈ ಕಾಲು ಕುಣಿದಿದೆ. ಅದಕ್ಕೆ ಮದ್ದಿಲ್ಲ ಎಂದು ಎಲ್ಲರೂ ಕೈಬಿಟ್ಟಿದ್ದರು. ಮೇಸ್ತ್ರಿಯೊಬ್ಬರೇ ಅದನ್ನು ರಿಪೇರಿ ಮಾಡಬಹುದಾದ ವಸ್ತು ಎಂದು ನೋಡಿದರು.

ಎರಡು ದಿನದ ಕೆಲಸ. ಶಾಲೆಗೆ ರಜೆ ಇತ್ತು, ಮನೆಗೆ ಹೋಗಲು ಮನಸ್ಸಿಲ್ಲದೆ ಅಲ್ಲೇ ಮರದ ಸ್ಟೂಲಿನ ಮೇಲೆ ಕೂತು ನೋಡಿದೆ. ಅವರ ಜೊತೆಗೆ ಒಬ್ಬ ನರೆಗಡ್ಡದ ಸಹಾಯಕ, ಮಾತೇ ಆಡದ ಮನುಷ್ಯ. ಇಬ್ಬರೂ ಸೇರಿ ಕಾರನ್ನೆತ್ತಿ, ಇಂಜಿನ್ನಿಗೆ ಕೆಳಗಿನಿಂದ ಆಸರೆ ಕೊಟ್ಟು, ಗೇರ್ ಬಾಕ್ಸನ್ನು ಹಸುಗೂಸಿನ ಹಾಗೆ ಎದೆಯ ಮೇಲೆ ಇಳಿಸಿಕೊಂಡರು. ಒಳಗಿನಿಂದ ನನ್ನ ಪ್ಲೇಟು ಬಂತು. ಊಟದ ತಟ್ಟೆಗಿಂತ ಸಣ್ಣದು. ಅಂಚಿನ ಒರಟು ಪದರ ಸವೆದು ರಿವಿಟ್ಟುಗಳು ಕಾಣುತ್ತಿದ್ದವು. ಇಂಜಿನ್ನಿನ ತಿರುಗುವ ಚಕ್ರಕ್ಕೂ ಗೇರ್ ಬಾಕ್ಸಿಗೂ ನಡುವೆ ಕೂತು, ಕಾಲು ಬಿಟ್ಟಾಗ ಇಬ್ಬರನ್ನೂ ಹಿಡಿದುಕೊಳ್ಳುವುದು, ಒತ್ತಿದಾಗ ಬಿಡುವುದು, ಇಷ್ಟೇ ಅದರ ಕೆಲಸ. ನಾನು ಅದನ್ನು ಹಿಡಿಯಲೂ ಬಿಟ್ಟಿರಲಿಲ್ಲ, ಬಿಡಲೂ ಬಿಟ್ಟಿರಲಿಲ್ಲ.

ಮೇಸ್ತ್ರಿ ಚಕ್ರದ ಮೈ ಸವರಿ, ಕಾವಿಗೆ ನೀಲಿಗಟ್ಟಿದ ಕಲೆಗಳನ್ನು ಉಜ್ಜಿ ತೆಗೆದರು. ಹೊಸ ಪ್ಲೇಟನ್ನು ನಟ್ಟನಡುವೆ ಕೂರಿಸಲು ತಾವೇ ಕೆತ್ತಿಕೊಂಡ ತೇಗದ ಕಡ್ಡಿಯೊಂದನ್ನು ಇಟ್ಟಿದ್ದರು. ಬೋಲ್ಟುಗಳನ್ನು ಸಾಲಾಗಿ ಬಿಗಿಯುತ್ತಿರಲಿಲ್ಲ. ಒಂದನ್ನು ಸ್ವಲ್ಪ, ಅದರ ಎದುರಿನದನ್ನು ಸ್ವಲ್ಪ. ನಾನು ಸ್ಟೂಲಿನ ಮೇಲೆ ಚಡಪಡಿಸುತ್ತಾ "ಇನ್ನೂ ಎಷ್ಟೊತ್ತು?" ಎಂದು ಹತ್ತು ಸಲ ಕೇಳಿರಬೇಕು. ಹನ್ನೊಂದನೆಯ ಸಲಕ್ಕೆ, "ಮೇಡಮ್ಮೋರೆ, ಸ್ಟೂಲಿಗೆ ಕ್ಲಚ್ ಇಲ್ಲ, ಕಾಲು ನೆಲಕ್ಕಿಡಿ," ಎಂದರು. ಗಡ್ಡದವರು ನಕ್ಕದ್ದನ್ನು ನಾನು ಕಂಡದ್ದು ಅವತ್ತೊಂದೇ ಸಲ.

ಹಳೆಯ ಪ್ಲೇಟನ್ನು ಪೇಪರಿನಲ್ಲಿ ಸುತ್ತಿ ಕೈಗೆ ಕೊಟ್ಟರು. ಎಲ್ಲರಿಗೂ ಹಾಗೆಯೇ ಕೊಡುತ್ತಿದ್ದರಂತೆ. "ಮನೇಲಿ ಕಣ್ಣಿಗೆ ಬೀಳೋ ಕಡೆ ಮಡಗಿ." ಅದು ಈಗಲೂ ನನ್ನ ಅಡುಗೆಮನೆಯ ಕಟ್ಟೆಯ ಮೇಲಿದೆ. ಬಿಸಿ ಕುಕ್ಕರನ್ನು ಅದರ ಮೇಲೆ ಇಳಿಸುತ್ತೇನೆ.

ಅವರದೊಂದು ಅಭ್ಯಾಸ ನನ್ನ ಕಣ್ಣಲ್ಲಿ ನಿಂತಿದೆ. ಯಾವುದೇ ಕಾರಿನೊಳಗೆ ಕೂರುವ ಮುಂಚೆ ಚಪ್ಪಲಿ ಬಿಟ್ಟು, ಎಡ ಅಂಗಾಲನ್ನು ಬನಿಯನ್ ವೇಸ್ಟ್ ಎನ್ನುವ ಗ್ಯಾರೇಜಿನ ಚಿಂದಿ ಬಟ್ಟೆಯಿಂದ ಒರೆಸಿ, ಅಂಗೈಯಲ್ಲಿ ಪಟಪಟನೆ ಮೂರು ಏಟು ಹೊಡೆಯುತ್ತಿದ್ದರು. ಪೂಜೆಗೆ ಕೂರುವವರ ಆಚಾರದ ಹಾಗೆ ಇದೂ ಒಂದು ಎಂದುಕೊಂಡಿದ್ದೆ.

ಇನ್ನೊಂದು ಹಟವಿತ್ತು. ಕ್ಲಚ್ ಬಿಚ್ಚಿದಾಗ ಉಳಿದ ಮೆಕ್ಯಾನಿಕ್ಕುಗಳು ಪ್ಲೇಟಿನ ಜೊತೆಗೆ, ಪೆಡಲ್ ಒತ್ತಿದಾಗ ಅದನ್ನು ಬಿಡಿಸುವ ಬೇರಿಂಗನ್ನೂ ಬದಲಾಯಿಸಿಬಿಡುತ್ತಾರೆ. ಹೇಗೂ ಎಲ್ಲ ಬಿಚ್ಚಿದ್ದಾಗಿದೆ, ಮತ್ತೆ ಬಿಚ್ಚುವ ಗೋಳು ಯಾಕೆ ಎಂದು. ಅದು ಸರಿಯಾದ ಮಾತೇ. ಮೇಸ್ತ್ರಿ ಮಾತ್ರ ಒಪ್ಪುತ್ತಿರಲಿಲ್ಲ. "ಎಲ್ಲಾ ಹಾಕು ಅನ್ನೋನು ಮೆಕ್ಯಾನಿಕ್ಕಲ್ಲ, ಅಂಗಡಿಯವ್ನು. ಬೇರಿಂಗು ಕೆಟ್ರೆ ಪೆಡಲ್ಲೇ ಹೇಳ್ತದೆ. ಕಿವಿಗೆ ಸದ್ದು ಬರಕ್ಕೆ ತಿಂಗ್ಳು ಮುಂಚೆ ಕಾಲಿಗೆ ಗೊತ್ತಾಯ್ತದೆ, ಮರಳು ತುಳುದಂಗೆ." ಹಾಗೆ ಕಾಲಲ್ಲಿ ನೋಡಿ, ಚೆನ್ನಾಗಿದೆ ಎಂದ ಬೇರಿಂಗನ್ನು ಅವರು ಬದಲಾಯಿಸುತ್ತಲೇ ಇರಲಿಲ್ಲ.

ಆ ಜಂಬ ಮುರಿದ ದಿನ ನಾನು ಅಲ್ಲೇ ಇದ್ದೆ. ಪೆಡಲ್ಲು ಸ್ವಲ್ಪ ಸಡಿಲ ಮಾಡಿಸಿಕೊಳ್ಳಲು ಒಂದು ಶನಿವಾರ ಮಧ್ಯಾಹ್ನ ಹೋಗಿದ್ದೆ. ಗುಬ್ಬಿಯ ಕೊಬ್ಬರಿ ವ್ಯಾಪಾರಿಯೊಬ್ಬರು ಆಟೋದಿಂದ ಇಳಿದು ನೇರ ಶೆಡ್ಡಿನೊಳಕ್ಕೆ ನುಗ್ಗಿದರು. ಹದಿನೈದು ದಿನದ ಹಿಂದೆ ಮೇಸ್ತ್ರಿ ಅವರ ಕಾರಿಗೆ ಹೊಸ ಪ್ಲೇಟು ಹಾಕಿ, ಹಳೆಯ ಬೇರಿಂಗನ್ನೇ ಬಿಟ್ಟಿದ್ದರು. ಆ ಬೇರಿಂಗು ಕುಣಿಗಲ್ ರಸ್ತೆಯಲ್ಲಿ ಪುಡಿಯಾಗಿತ್ತು. ಮಗಳ ನಿಶ್ಚಿತಾರ್ಥಕ್ಕೆ ಹೊರಟಿದ್ದ ಹೆಂಗಸರು ರೇಷ್ಮೆ ಸೀರೆಯಲ್ಲಿ, ತಟ್ಟೆಗಳನ್ನು ಹಿಡಿದುಕೊಂಡು ಬಿಸಿಲಲ್ಲಿ ರಸ್ತೆ ಬದಿಗೆ ನಿಂತಿದ್ದರಂತೆ.

"ಕಾಲಲ್ಲಿ ನೋಡ್ತಾನಂತೆ, ಕಾಲಲ್ಲಿ!" ವ್ಯಾಪಾರಿ ಅಕ್ಕಪಕ್ಕದ ಶೆಡ್ಡಿನವರಿಗೆಲ್ಲ ಕೇಳುವಂತೆ ಕೂಗಿದರು. "ದೊಡ್ಡ ಶಾಸ್ತ್ರ ಹೇಳೋನು! ಇನ್ಮೇಲೆ ಗುಬ್ಬಿಯಿಂದ ಒಂದು ಗಾಡಿ ನಿನ್ ಶೆಡ್ಡಿಗೆ ಬಂದ್ರೆ ನೋಡು."

ಮೇಸ್ತ್ರಿ ವಾದಿಸಲಿಲ್ಲ. "ತಪ್ಪಾಯ್ತು ಸಾಮಿ. ಗಾಡಿ ಎಲ್ಲೈತೆ ಹೇಳಿ, ನಾನೇ ಬಂದು ಮಾಡ್ಕೊಡ್ತೀನಿ," ಎಂದರು. ಆಮೇಲೆ ಶೆಡ್ಡಿನ ಮೂಲೆಯಲ್ಲಿ ಕೂತು ತಮ್ಮ ಎಡಗಾಲನ್ನೇ ನೋಡುತ್ತಿದ್ದರು. ಸೋತ ಮನುಷ್ಯನನ್ನು ನೋಡುವುದು ನನಗೆ ಹಿಂಸೆ. ಏನಾದರೂ ಮಾಡಬೇಕು ಅನಿಸುತ್ತದೆ, ಮಾಡುವುದೇನೆಂದು ತಿಳಿಯುವುದಿಲ್ಲ. ಸುಮ್ಮನೆ ಶೆಡ್ಡಿನಲ್ಲಿ ಅತ್ತಿಂದಿತ್ತ ಓಡಾಡಿದೆ.

ನಾನು ಹೊರಡುವಾಗ ಕಿಟಕಿಯ ಹತ್ತಿರ ಬಂದರು. "ಮೇಡಮ್ಮೋರೆ, ಭಾನ್ವಾರ ಬಿಡುವಿದ್ರೆ ಒಂದು ಗಳಿಗೆ ಬರ್ತೀರಾ? ಒಂದೆರಡು ಗಾಡಿ ನೋಡೋದೈತೆ."

"ನಾನು ನೋಡುವುದೇನಿದೆ?"

"ನಿಮ್ಮ ಕಾಲು ಒಳ್ಳೇ ಕಾಲು. ಸುಮ್ಕಿರಲ್ಲ, ಅಷ್ಟೇ."

ನನ್ನ ಜೀವಮಾನದಲ್ಲಿ ಯಾರೂ ನನ್ನ ಕಾಲನ್ನು ಹೊಗಳಿರಲಿಲ್ಲ. ಹೋದೆ. ಅಂದಿನಿಂದ ಭಾನುವಾರಗಳೆಂದರೆ ಸತ್ಯಮಂಗಲ. ಗಣಿತದ ಟೀಚರು ಗ್ಯಾರೇಜು ಸೇರಿದಳು ಎಂದು ನಮ್ಮ ಯಜಮಾನರು ಸಿಕ್ಕವರಿಗೆಲ್ಲ ಹೇಳಿಕೊಂಡು ನಕ್ಕರು. ನಗಲಿ. ಬರಿಗಾಲಲ್ಲಿ ಯಾರದೋ ಕಾರಿನಲ್ಲಿ ಕೂತು, ಕಣ್ಣು ಮುಚ್ಚಿ ಪೆಡಲ್ ಒತ್ತುವುದು, ಪಕ್ಕದಲ್ಲಿ ಮೇಸ್ತ್ರಿ, "ಏನ್ ಹೇಳ್ತೈತೆ?" ಎನ್ನುವುದು. ಎರಡನೆಯ ಭಾನುವಾರ ಒಂದು ಹಳೆಯ ವ್ಯಾನಿನಲ್ಲಿ ಅಂಗಾಲಿಗೆ ಸಣ್ಣ ಜರಿಜರಿ ತಾಗಿತು. "ಮರಳು ಮೇಸ್ತ್ರಿ! ಮರಳು!" ಎಂದು ಕೂಗಿಬಿಟ್ಟೆ. ಬಿಚ್ಚಿ ನೋಡಿದರೆ ಬೇರಿಂಗು ನಿಜವಾಗಿಯೂ ಒಣಗಿ ಕೂತಿತ್ತು. ಮೇಸ್ತ್ರಿ ಅದನ್ನು ಕೈಯಲ್ಲಿ ತಿರುಗಿಸಿ ಕಿವಿಗೆ ಹಿಡಿದು, ಆಮೇಲೆ ನನ್ನ ಕೈಗೆ ಕೊಟ್ಟರು. ಜಿಲ್ಲೆಗೆ ಮೊದಲ ರ್‍ಯಾಂಕ್ ಬಂದ ಹುಡುಗಿಯ ಹಾಗೆ ಅವತ್ತು ಮನೆಗೆ ಬಂದೆ.

ಮೂರನೆಯ ಭಾನುವಾರ ಆದದ್ದು ಇದು. ಆಗಷ್ಟೇ ಓಡಿ ಬಂದ ಕಾರೊಂದರ ಸೈಲೆನ್ಸರ್ ಕೊಳವೆಯನ್ನು ಬಿಚ್ಚಿ ನೆಲದ ಮೇಲೆ ಇಟ್ಟಿದ್ದರು. ಮೇಸ್ತ್ರಿ ಅದರ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತು ಹೊಸ ಪ್ಲೇಟನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದರು. ಸುಟ್ಟ ವಾಸನೆ ಬಂತು. ಕಲಿತ ಹೊಸತಲ್ಲವೇ, "ಕ್ಲಚ್ ವಾಸನೆ!" ಎಂದೆ.

ಮೇಸ್ತ್ರಿಯೂ ಮೂಗರಳಿಸಿದರು. "ಕ್ಲಚ್ಚು ನನ್ ಕೈಯಾಗೈತಲ್ಲ ಮೇಡಮ್ಮೋರೆ. ಎಲ್ಲಿಂದ ಬತ್ತದೆ?"

ಇಬ್ಬರೂ ಸುತ್ತ ಹುಡುಕಿದೆವು. ಮೊದಲು ಕಂಡದ್ದು ನನಗೆ. ಅವರ ಎಡಗಾಲು ಆ ಕಾದ ಕೊಳವೆಗೆ ಒರಗಿತ್ತು. ಹವಾಯಿ ಚಪ್ಪಲಿಯ ಅಂಚು ಕರಗಿ ಅಂಟಿಕೊಂಡಿತ್ತು. ಪಾದದ ಬದಿಯ ಚರ್ಮ ಬೆಳ್ಳಗಾಗಿತ್ತು. ನಾನು ಚೀರಿದೆ. ಅವರು ನನ್ನ ಮುಖ ನೋಡಿ, ಆಮೇಲೆ ಕಾಲು ನೋಡಿ, ಬೇರೆ ಯಾರದೋ ಸಾಮಾನನ್ನು ಎತ್ತಿಡುವ ಹಾಗೆ ಎರಡೂ ಕೈಯಲ್ಲಿ ಅದನ್ನು ಎತ್ತಿ ಆಚೆ ಇಟ್ಟರು.

"ನೋವಾಗಲಿಲ್ಲವಾ?"

"ಇಲ್ಲ ಕಣಮ್ಮ," ಎಂದರು. ಮೇಡಮ್ಮೋರೆ ಹೋಗಿ ಕಣಮ್ಮ ಬಂದಿತ್ತು. "ಶುಗರ್ರು. ಬಂದು ಬಾಳ ವರ್ಸ ಆಯ್ತು. ಮೊದ್ಲು ಕಿರುಬೆಟ್ಟು ಮರಗಟ್ಟೋಯ್ತು, ಆಮೇಕೆ ಅಂಗಾಲು. ಹತ್ತಿ ಮ್ಯಾಲೆ ನಿಂತಂಗಿರ್ತದೆ. ಬಲಗಾಲು ವಸಿ ವಾಸಿ."

ಆಗ ನನಗೆ ಎಲ್ಲ ಹೊಳೆಯಿತು. ಕಾರು ಹತ್ತುವ ಮುಂಚೆ ಅಂಗಾಲಿಗೆ ಹೊಡೆಯುತ್ತಿದ್ದ ಮೂರು ಏಟು ಆಚಾರವಲ್ಲ, ಅದನ್ನು ಎಬ್ಬಿಸುವ ಪ್ರಯತ್ನ. "ಹಾಗಾದರೆ ಮೊದಲ ದಿನ ನನ್ನ ಚಪ್ಪಲಿ ಬಿಡಿಸಿ, ನೀವೇ ಓಡಿಸಿ ಅಂದದ್ದು? ಅಷ್ಟೆಲ್ಲ ಪ್ರಶ್ನೆ ಕೇಳಿದ್ದು?"

"ಅವಾಗ್ಲೇ ಹೋಗಿತ್ತು," ಎಂದರು. "ಬಂದೋರ ಕಾಲಲ್ಲೇ ತಿಳ್ಕೊತಿದ್ದೆ. ಆ ಗುಬ್ಬಿ ಸಾಹುಕಾರ್ರನ್ನ ಏನ್ ಕೇಳುದ್ರೂ ಗೊತ್ತಿಲ್ಲ ಅಂದ್ಬುಟ್ರು. ನಾನೇ ಕೂತು ನೋಡ್ದೆ. ಏನೂ ತಿಳೀಲಿಲ್ಲ. ತಿಳೀಲಿಲ್ಲ ಅಂತ ಹೇಳಕ್ಕೆ ಬಾಯಿ ಬರ್ಲಿಲ್ಲ, ಬೇರಿಂಗು ಸರಿಯಾಗೈತೆ ಅಂದ್ಬುಟ್ಟೆ."

ನಾನು ಸುಟ್ಟ ಜಾಗಕ್ಕೆ ನೀರು ಸುರಿದೆ. ಅವರ ಹೆಂಡತಿಗೆ ಫೋನ್ ಮಾಡುತ್ತೇನೆ ಎಂದು ಬ್ಯಾಗಿಗೆ ಕೈ ಹಾಕಿದೆ. ಮೇಸ್ತ್ರಿ ನನ್ನ ಮಣಿಕಟ್ಟು ಹಿಡಿದುಕೊಂಡರು. ಗ್ರೀಸಿನ ಕೈ.

"ಅವ್ಳಿಗೆ ಗೊತ್ತಾದ್ರೆ ಇವತ್ತೇ ಶೆಡ್ಡಿಗೆ ಬೀಗ ಹಾಕಿಸ್ತಾಳೆ. ಕಾಲು ಸತ್ತೋಗದೆ ಅಂತ ಊರಿಗೆ ಗೊತ್ತಾದ್ರೆ ಯಾವ್ನು ಗಾಡಿ ತತ್ತಾನೆ? ನಂಗೆ ಇದೊಂದ್ ಬುಟ್ರೆ ಬೇರೆ ಕೆಲ್ಸ ಬರಲ್ಲ. ನಿಮ್ಮ ಮಕ್ಕಳಾಣೆ, ಹೇಳ್ಬ್ಯಾಡಿ."

"ಡಾಕ್ಟರ ಹತ್ತಿರ ಹೋಗುತ್ತೀರಾ?"

"ನಾಳೆನೇ."

ಮುಂದಿನ ಭಾನುವಾರ ಜೇಬಿನಿಂದ ಒಂದು ಮಾತ್ರೆಯ ಪಟ್ಟಿ ತೆಗೆದು ತೋರಿಸಿದರು. ಅದು ಯಾವುದರ ಮಾತ್ರೆ ಎಂದು ನಾನು ಓದಲಿಲ್ಲ. ಪಾದಕ್ಕೆ ಬ್ಯಾಂಡೇಜಿನ ಬದಲು ಬನಿಯನ್ ವೇಸ್ಟಿನ ತುಂಡು ಸುತ್ತಿ ಮೇಲೆ ಸಾಕ್ಸ್ ಹಾಕಿದ್ದರು. ಅದನ್ನೂ ಬಿಚ್ಚಿ ನೋಡಲಿಲ್ಲ. ಪ್ರತಿ ಭಾನುವಾರ ಕೇಳುವುದು, ಅವರು "ವಾಸಿ ಆಯ್ತಾ ಐತೆ" ಎನ್ನುವುದು, ನಾನು ಕಾರು ಹತ್ತುವುದು. ಇದನ್ನು ಬರೆಯುವಾಗ ನಾಚಿಕೆಯಾಗುತ್ತದೆ. ಅವರು ಆಣೆ ಹಾಕಿದ್ದಾರೆ ಎಂಬುದು ನೆಪ. ನಿಜವೇನೆಂದರೆ ಶೆಡ್ಡಿಗೆ ಬೀಗ ಬಿದ್ದರೆ ನನ್ನ ಭಾನುವಾರಗಳೂ ಹೋಗುತ್ತಿದ್ದವು. ಅವರ ಕಾಲಿನ ಕೆಲಸವನ್ನು ನನ್ನ ಕಾಲು ಮಾಡುತ್ತಿದೆ ಎಂಬ ಹೆಮ್ಮೆ ನನ್ನ ತಲೆಗೇರಿತ್ತು.

ಅವರ ಹೆಂಡತಿ ಶಾಲೆಯೊಂದರಲ್ಲಿ ಆಯಾ. ಭಾನುವಾರ ಮಧ್ಯಾಹ್ನ ತಾವೇ ಊಟದ ಕ್ಯಾರಿಯರ್ ತರುತ್ತಿದ್ದರು. ಏಳನೆಯ ಭಾನುವಾರ ಮೇಸ್ತ್ರಿ ಕೈ ತೊಳೆಯಲು ಹೋದಾಗ ನೇರವಾಗಿ ನನ್ನ ಎದುರು ಬಂದು ನಿಂತರು. ನಾನು ಅದೇ ಸ್ಟೂಲಿನ ಮೇಲೆ ಕೂತಿದ್ದೆ.

"ಟೀಚರಮ್ಮ, ಓದ್ದೋರು ನೀವು, ನಿಮ್ಮನ್ನ ಕೇಳ್ತೀನಿ. ಅವ್ರ ಕಾಲು ಸರಿಯಾಗೈತಾ? ಮನೇಲಿ ಸಾಕ್ಸ್ ಬಿಚ್ಚಲ್ಲ. ಏನೋ ವಾಸ್ನೆ ಬತ್ತದೆ. ಗ್ರೀಸು ಅಂತಾರೆ."

ನೀರಿನ ಸದ್ದು ನಿಂತಿತ್ತು. ಮೇಸ್ತ್ರಿ ಬರುತ್ತಿದ್ದರು.

"ಸರಿಯಿದೆ ಕಣಮ್ಮ," ಎಂದೆ.

ಆಕೆ ಒಂದು ಗಳಿಗೆ ನನ್ನ ಮುಖ ನೋಡಿದರು. ಆಮೇಲೆ ಕಣ್ಣು ಕೆಳಗಿಳಿಸಿ, "ಹಂಗಂದ್ರೆ ಸರಿ," ಎಂದು ಕ್ಯಾರಿಯರ್ ಬಿಚ್ಚಿದರು. ಮುದ್ದೆ, ಹುರುಳಿಕಾಳು ಸಾರು. ನನಗೂ ಬಡಿಸಿದರು, ನಾನೂ ಉಂಡೆ.

ಹತ್ತು ದಿನಕ್ಕೆ ಮೇಸ್ತ್ರಿ ಜ್ವರ ಬಂದು ಬಿದ್ದರು. ಆಸ್ಪತ್ರೆಯಲ್ಲಿ ಕಾಲಿನ ಬಟ್ಟೆ ಬಿಚ್ಚಿದಾಗ ಪಾದ ಕಪ್ಪಾಗಿತ್ತಂತೆ. ಮೊಣಕಾಲಿನ ಕೆಳಗೆ ತೆಗೆಯದೆ ಬೇರೆ ದಾರಿ ಇರಲಿಲ್ಲ. ತಿಂಗಳ ಮುಂಚೆ ಬಂದಿದ್ದರೆ ಬೆರಳು ಹೋಗುತ್ತಿತ್ತೋ ಏನೋ, ಕಾಲು ಉಳಿಯುತ್ತಿತ್ತು ಎಂದರು ಡಾಕ್ಟರು. ಅದನ್ನು ಹೇಳಿದ್ದು ಹೆಂಡತಿಗೆ. ಪಕ್ಕದಲ್ಲಿ ನಾನಿದ್ದೆ. ಆಕೆ ನನ್ನ ಕಡೆ ತಿರುಗಲಿಲ್ಲ. ಅವತ್ತು ಕೇಳಿದ್ದೆನಲ್ಲ ಎನ್ನಲಿಲ್ಲ. ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿ ನನಗೂ ಕೊಟ್ಟರು. ಬೈದಿದ್ದರೆ ನಾನು ಅತ್ತು ಹಗುರಾಗುತ್ತಿದ್ದೆ. ಆ ಕಾಫಿಯ ನಂತರ ತಿಂಗಳುಗಟ್ಟಲೆ ನಾನು ನೆಟ್ಟಗೆ ನಿದ್ದೆ ಮಾಡಲಿಲ್ಲ. ಹೋಗಿ ಹೇಳಿಬಿಡಬೇಕು ಎಂದು ಎಷ್ಟೋ ಸಲ ಅವರ ಮನೆಯ ಬೀದಿಯವರೆಗೆ ಹೋಗಿ, ಕಾರು ತಿರುಗಿಸಿಕೊಂಡು ಬಂದೆ.

ಮೇಸ್ತ್ರಿ ಊರುಗೋಲು ಹಿಡಿದು ಮತ್ತೆ ಶೆಡ್ಡಿಗೆ ಬಂದರು. ನನ್ನ ಸ್ಟೂಲಿನ ಮೇಲೆ ಈಗ ಅವರು ಕೂತು ಗಡ್ಡದವರಿಗೆ ಹೇಳಿಕೊಡುತ್ತಿದ್ದರು. ಗುಬ್ಬಿಯಿಂದ ಗಾಡಿಗಳು ಬರಲಿಲ್ಲ. ಬಂದ ಒಂದೆರಡನ್ನೂ ಗಡ್ಡದವರು ಎಲ್ಲ ಸೆಟ್ಟು ಬದಲಾಯಿಸಿ ಕಳಿಸುತ್ತಿದ್ದರು. ಮೇಸ್ತ್ರಿ ಬೇಡ ಅನ್ನುತ್ತಿರಲಿಲ್ಲ. ನಾನು ಭಾನುವಾರ ಹೋಗುವುದನ್ನು ನಿಲ್ಲಿಸಿದ್ದೆ. ಒಮ್ಮೆ ದಾರಿಯಲ್ಲಿ ಸಿಕ್ಕಾಗ ಕಾರಿಗೆ ಹತ್ತಿಸಿಕೊಂಡೆ. ಶಿರಾ ಗೇಟಿನ ಜನಸಂದಣಿಯಲ್ಲಿ ಹೆಜ್ಜೆ ಹೆಜ್ಜೆಗೂ ನಿಲ್ಲುತ್ತಾ ಹೋಗುವಾಗ ಧೈರ್ಯ ಮಾಡಿ, "ಮೇಸ್ತ್ರಿ, ಅವತ್ತೇ ನಾನು ಹೇಳಿಬಿಡಬೇಕಾಗಿತ್ತು," ಎಂದೆ.

ಅವರು ಕಿಟಕಿಯ ಆಚೆಯೇ ನೋಡುತ್ತಿದ್ದರು. "ಹೇಳಿದ್ರೆ ನಾನ್ ನಿಮ್ಮನ್ನ ಶೆಡ್ಡಿಗೆ ಸೇರಿಸ್ತಿರ್ಲಿಲ್ಲ," ಎಂದರು. ಊರುಗೋಲನ್ನು ಆ ಕಡೆಯಿಂದ ಈ ಕಡೆಗೆ ಇಟ್ಟುಕೊಂಡು, "ಕಾಲಾದ್ರೂ ಇರೋದು," ಎಂದರು. ಅದು ಕ್ಷಮೆಯೋ ಆರೋಪವೋ ನನಗೆ ಇವತ್ತಿಗೂ ತಿಳಿದಿಲ್ಲ. ಅದಾಗಿ ಒಂದು ವರ್ಷವೂ ಇರಲಿಲ್ಲ ಅವರು.

ಹನ್ನೊಂದನೆಯ ದಿನದ ತಿಥಿಗೆ ಅವರ ಊರಿಗೆ ಹೋಗಿದ್ದೆ. ಊಟ ಮುಗಿದ ಮೇಲೆ ಆಕೆ ಒಂದು ಕೈಚೀಲ ಹಿಡಿದು ಬಂದರು. ಮರುದಿನ ಕೆಲಸಕ್ಕೆ ಹೋಗಬೇಕು, ತುಮಕೂರಿಗೆ ಬಿಡುತ್ತೀರಾ ಎಂದರು. ಮುಂದಿನ ಸೀಟಿನಲ್ಲಿ, ಅವರ ಗಂಡ ಕೂರುತ್ತಿದ್ದ ಕಡೆ ಕೂತರು. ಕುಣಿಗಲ್ ದಾಟಿತು. ಕೆರೆಯ ಏರಿ ಹಿಂದಾಯಿತು. ನನಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಎದೆಯಲ್ಲಿ ಮುಳ್ಳು ಇಟ್ಟುಕೊಂಡು ಎಷ್ಟು ದಿನ ಗಾಡಿ ಓಡಿಸುವುದು.

"ಅಮ್ಮ, ಅವತ್ತು ನಾನು ನಿಮಗೆ ಸುಳ್ಳು ಹೇಳಿದೆ. ಅವರ ಕಾಲು ಸುಟ್ಟಿದ್ದು ನನಗೆ ಗೊತ್ತಿತ್ತು."

ಆಕೆ ಚೀಲವನ್ನು ತೊಡೆಯ ಮೇಲೆ ಸರಿ ಮಾಡಿಕೊಂಡರು.

"ಗೊತ್ತು ಟೀಚರಮ್ಮ."

"ಯಾರು ಹೇಳಿದರು? ಅವರೇ ಹೇಳಿದರಾ?"

"ಯಾರೂ ಹೇಳ್ಲಿಲ್ಲ. ಸರಿಯಿದೆ ಕಣಮ್ಮ ಅಂತ ನೀವು ಅಂದಾಗ ನಿಮ್ಮ ಎಡಗಾಲು ಒಂದೇ ಸಮ ಕುಣೀತಿತ್ತು. ಅದೇ ಹೇಳ್ತಲ್ಲ."

"ಗೊತ್ತಿದ್ದೂ ಯಾಕಮ್ಮ ಸುಮ್ಮನಿದ್ದಿರಿ? ಆ ಸಾಕ್ಸ್ ಯಾಕೆ ಬಿಚ್ಚಿಸಲಿಲ್ಲ?"

ಎದುರಿನಿಂದ ಬಂದ ಬಸ್ಸು ಹೋಯಿತು, ಅದರ ಧೂಳೂ ಹೋಯಿತು.

"ಶೆಡ್ಡಿಗೆ ಬೀಗ ಹಾಕಿದ್ರೆ ಅವ್ರು ಮನೇಲಿ ಕೂತು ಸಾಯ್ತಾರೆ ಅಂತ ಹೆದ್ರಿಕೆ," ಎಂದರು. "ಓದ್ದೋರು ಒಬ್ರು ಸರಿಯೈತೆ ಅಂದ್ರೆ ಸಾಕಾಗಿತ್ತು ನಂಗೆ. ಅದ್ಕೇ ನಿಮ್ಮನ್ನ ಕೇಳಿದ್ದು ಕಣಮ್ಮ."

ಆಮೇಲೆ ಸೆರಗಿನಲ್ಲಿ ಮುಖ ಒರೆಸಿಕೊಂಡು ಒಮ್ಮೆ ಕೆಳಗೆ ನೋಡಿದರು. "ಪೆಡಲ್ ಮ್ಯಾಲಿಂದ ಕಾಲು ಕೆಳಗಿಡಿ ಟೀಚರಮ್ಮ. ಅವ್ರಿದ್ದಿದ್ರೆ ಬಯ್ಯೋರು."

ಕೆಳಗಿಟ್ಟೆ. ತುಮಕೂರು ಬರುವವರೆಗೂ ಅದು ನೆಲದ ಮೇಲೆ ಕುಣಿಯುತ್ತಲೇ ಇತ್ತು. ಆಕೆ ಅದನ್ನು ನೋಡುತ್ತಾ ಕೂತಿದ್ದರು, ನಿಲ್ಲಿಸಿ ಎನ್ನಲಿಲ್ಲ.